ಮುಸಾಫಿರನಿಗೆ ಎಷ್ಟು ರಿಯಾಯಿತಿ?

ಕರಿಘಟ್ಟದ ಮೆಟ್ಟಿಲು ಹತ್ತಿ ನಿಂತರೆ ಶ್ರೀರಂಗಪಟ್ಟಣ ಒಂದು ದ್ವೀಪ ಎಂಬುದು ಕಣ್ಣಿಗೇ ತಿಳಿಯುತ್ತದೆ. ಊರೊಳಗೆ ಓಡಾಡುವಾಗ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಬಸ್ಸು ಸೇತುವೆ ದಾಟಿದ್ದು ಕಿಟಕಿಯ ಬಳಿ ಕುಳಿತವರಿಗಷ್ಟೇ ಗೊತ್ತು. ಬೆಟ್ಟದ ಮೇಲಿನ ವೈಕುಂಠ ಶ್ರೀನಿವಾಸನ ಗುಡಿಯ ಬದಿಯಿಂದ ನೋಡಿದರೆ ಮಾತ್ರ ಎರಡಾಗಿ ಸೀಳಿದ ಕಾವೇರಿ ಊರನ್ನು ಬಳಸಿ ಸಂಗಮದಲ್ಲಿ ಮತ್ತೆ ಒಂದಾಗುವುದು, ತೆಂಗಿನ ತೋಟಗಳ ನಡುವೆ ಗುಂಬಜ್‌ನ ಗುಮ್ಮಟ, ಬೆಟ್ಟದ ಬುಡದಲ್ಲಿ ಲೋಕಪಾವನಿ ಬಂದು ಕಾವೇರಿಗೆ ಸೇರುವುದು ಎಲ್ಲವೂ ಒಂದು ನಕ್ಷೆಯಂತೆ ಕಾಣುತ್ತದೆ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್ ದಾಳಿ ನಡೆಸಿದಾಗ ಅವನ ಸೈನ್ಯದ ಒಂದು ತುಕಡಿಯನ್ನು ಕಳಿಸಿದ್ದು ಈ ಬೆಟ್ಟವನ್ನು ಹಿಡಿಯುವುದಕ್ಕೆ. ಊರನ್ನು ಹೊರಗಿನಿಂದ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಅವನಿಗೂ ಗೊತ್ತಿತ್ತು.

ಈಗ ಹತ್ತುವವರು ಪ್ರವಾಸಿಗರು. ಬೆಳಿಗ್ಗೆ ರಂಗನಾಥಸ್ವಾಮಿ ದೇವಾಲಯ, ಟಿಪ್ಪು ಮಡಿದ ಜಾಗ, ಬಂದೀಖಾನೆ, ಮಧ್ಯಾಹ್ನ ದರಿಯಾ ದೌಲತ್, ಗುಂಬಜ್, ಸಂಗಮ, ನಿಮಿಷಾಂಬ, ಸಂಜೆ ಕರಿಘಟ್ಟ. ಒಂದು ದಿನದಲ್ಲಿ ಒಂದು ಊರು ಮುಗಿಯುತ್ತದೆ. ಮುಗಿಯುತ್ತದೆ ಎಂಬುದು ಅವರದೇ ಮಾತು: ‘ಶ್ರೀರಂಗಪಟ್ಟಣ ಮುಗಿಸಿ ಮೈಸೂರಿಗೆ ಹೋದೆವು.’ ಅವರು ಹೋದ ಮೇಲೆ ಹೊಳೆಯ ದಂಡೆಯಲ್ಲಿ ಏನೇನು ಬಿದ್ದಿರುತ್ತದೆ ಎಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ. ಎಲ್ಲ ಪ್ರವಾಸಿ ತಾಣಗಳಲ್ಲೂ ಬಿದ್ದಿರುವುದು ಅದೇ. ನನಗೆ ಪರಿಚಯದ ಒಬ್ಬ ಗೈಡ್ ಹೇಳುತ್ತಿದ್ದ: ‘ಸಾರ್, ಬಸ್ಸು ಯಾವ ಊರಿನದು ಅಂತ ಮೊದಲು ಕೇಳಿಕೊಳ್ತೀನಿ. ಆಮೇಲೆ ಟಿಪ್ಪು ಎಂಥವನು ಅಂತ ಹೇಳ್ತೀನಿ.’ ಅವನು ಅದನ್ನು ತಮಾಷೆಗೆ ಹೇಳಿದನೋ ನಿಜವಾಗಿಯೋ, ಬಂದವರು ತಮಗೆ ಬೇಕಾದ ಟಿಪ್ಪುವನ್ನು ಮನೆಯಿಂದಲೇ ತಂದಿರುತ್ತಾರೆ ಎಂಬುದಂತೂ ಸುಳ್ಳಲ್ಲ. ಗಂಜಾಮಿನ ಜನ ಹೇಗೆ ಬದುಕುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಪ್ಯಾಕೇಜಿನಲ್ಲಿ ಇರುವುದಿಲ್ಲ.

ಹೀಗೆ ನೋಡಿಸಿಕೊಳ್ಳುವ ಊರಿನ ಸುತ್ತಲಿನವರೇ ಇನ್ನೊಂದು ದ್ವೀಪವನ್ನು ನೋಡಲು ಹೊರಟರೆ ಹೇಗಿರುತ್ತದೆ? 2018ರ ಡಿಸೆಂಬರಿನಲ್ಲಿ ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣಗಳಿಂದ ಇಪ್ಪತ್ತಾರು ಜನ ಸೇರಿ ಲಕ್ಷದ್ವೀಪಕ್ಕೆ ಹೋದೆವು. ಮೇಷ್ಟ್ರುಗಳು, ಅಂಗಡಿಯವರು, ನಿವೃತ್ತ ನೌಕರರು, ಮೂರು ಕುಟುಂಬಗಳು, ಅರ್ಧದಷ್ಟು ಮುಸ್ಲಿಮರು. ಕೊಚ್ಚಿಯಿಂದ ಹಡಗು, ಐದು ದಿನ. ಕವರತ್ತಿ, ಕಲ್ಪೇನಿ, ಮಿನಿಕಾಯ್. ರಾತ್ರಿ ಹಡಗಿನಲ್ಲೇ ನಿದ್ದೆ, ಬೆಳಿಗ್ಗೆ ಸಣ್ಣ ದೋಣಿಗಳಲ್ಲಿ ದಡಕ್ಕೆ, ತೆಂಗಿನ ನೆರಳಿನಲ್ಲಿ ಊಟ, ಸಂಜೆ ಮತ್ತೆ ಹಡಗಿಗೆ. ಹವಳದ ದಿಬ್ಬದೊಳಗೆ ನಿಂತ ಆ ನೀರಿನ ಬಣ್ಣವನ್ನು ನಾನು ವರ್ಣಿಸಲು ಹೋಗುವುದಿಲ್ಲ. ಅದು ಚಂದವಿದೆ, ನೋಡಲೇಬೇಕು ಎಂದಷ್ಟೇ ಹೇಳುತ್ತೇನೆ.

ಶ್ರೀರಂಗಪಟ್ಟಣಕ್ಕೂ ಆ ದ್ವೀಪಗಳಿಗೂ ಒಂದು ಹಳೆಯ ನಂಟಿದೆ. ಹಡಗಿನಲ್ಲಿ ಅದನ್ನು ಹೇಳಿದಾಗ ನಮ್ಮ ಗುಂಪಿನಲ್ಲಿ ಯಾರೂ ನಂಬಲಿಲ್ಲ. ದ್ವೀಪಗಳೆಲ್ಲ ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಅವರ ಅಧಿಕಾರಿಗಳ ಕಾಟ ತಾಳಲಾರದೆ 1780ರ ದಶಕದಲ್ಲಿ ಅಮಿನಿ ದ್ವೀಪದ ಕೆಲವರು ಕಡಲು ದಾಟಿ ಬಂದು ಟಿಪ್ಪುವಿನ ಮೊರೆಹೊಕ್ಕರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದೂ ಮೈಸೂರಿನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ದ್ವೀಪಗಳೂ ಕಂಪನಿಯ ಪಾಲಾದವು. 1956ರಲ್ಲಿ ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು, ಬಂದ ಹಾಯಿದೋಣಿಯಲ್ಲೇ ಅಕ್ಕಿ ಹೋಗುತ್ತಿತ್ತು. ನಾರಿನ ವ್ಯಾಪಾರವನ್ನು ಸರ್ಕಾರ ತನ್ನದೇ ಏಕಸ್ವಾಮ್ಯವಾಗಿ ಇಟ್ಟುಕೊಂಡು ಬೆಲೆಯನ್ನೂ ತಾನೇ ಕಟ್ಟುತ್ತಿತ್ತು. ಟಿಪ್ಪುವನ್ನು ಅವರು ಕರೆದರು, ಕಂಪನಿಯನ್ನು ಕರೆಯಲಿಲ್ಲ. ಈ ವ್ಯತ್ಯಾಸವನ್ನು ನಾನು ಟಿಪ್ಪುವಿನ ಹೊಗಳಿಕೆಗಾಗಿ ಹೇಳುತ್ತಿಲ್ಲ. ಕರೆದಾಗ ಹೋಗುವುದು ಬೇರೆ, ದಾರಿ ಸಿಕ್ಕಿತೆಂದು ಹೋಗುವುದು ಬೇರೆ ಎನ್ನುವುದಕ್ಕಾಗಿ ಹೇಳುತ್ತಿದ್ದೇನೆ.

ಕಲ್ಪೇನಿಯಲ್ಲಿ ನಡೆದದ್ದು ಇದು. ಊಟಕ್ಕೆ ಇನ್ನೂ ಹೊತ್ತಿತ್ತು. ನಮ್ಮವರು ಊರೊಳಗೆ ಸುತ್ತಾಡಲು ಹೊರಟರು. ಗಿಡ್ಡ ಗೋಡೆಯ ಒಂದು ಅಂಗಳದಲ್ಲಿ ಮುದುಕಿಯೊಬ್ಬರು ನಾರು ಹೊಸೆಯುತ್ತ ಕುಳಿತಿದ್ದರು. ಗೋಡೆಯ ಮೇಲಿಂದ ಆರೇಳು ಮೊಬೈಲುಗಳು ಒಮ್ಮೆಗೇ ಎದ್ದವು. ಆಕೆ ತಲೆಯ ವಸ್ತ್ರವನ್ನು ಮುಂದಕ್ಕೆಳೆದುಕೊಂಡು, ಅರ್ಧ ಹೊಸೆದ ಹಗ್ಗವನ್ನು ಅಲ್ಲೇ ಬಿಟ್ಟು ಒಳಗೆ ಹೋದರು. ‘ಛೆ, ಹೋಗಿಬಿಟ್ರಲ್ಲಾ’ ಎಂದರು ಒಬ್ಬರು. ಇನ್ನೊಬ್ಬರು, ‘ಇಷ್ಟು ದುಡ್ಡು ಕೊಟ್ಟು ಬಂದಿದ್ದೀವಿ, ಒಂದು ಫೋಟೊ ತೆಗೆದರೆ ಏನಾಯ್ತು?’ ಎಂದರು. ಇವರು ಕೆಟ್ಟವರಲ್ಲ. ತಮ್ಮ ಬೀದಿಯಲ್ಲಿ ಯಾರ ಮನೆಯ ಗೋಡೆಯ ಮೇಲೂ ಹೀಗೆ ಬಗ್ಗಿ ನೋಡುವವರಲ್ಲ. ಒಬ್ಬರೇ ಬಂದಿದ್ದರೂ ಬಗ್ಗುತ್ತಿರಲಿಲ್ಲ.

ಗುಂಪಿನಲ್ಲಿ ಗೋವಿಂದ ಎಂದು ನಮ್ಮ ಕನ್ನಡದಲ್ಲಿ ಒಂದು ಗಾದೆಯಂಥ ಮಾತಿದೆ. ಎಲ್ಲರೂ ಕೂಗುವಾಗ ಯಾರು ಕೂಗಿದರು, ಯಾರು ಬರೀ ಬಾಯಿ ಆಡಿಸಿದರು ಎಂದು ತಿಳಿಯುವುದಿಲ್ಲ. ಗುಂಪಿನ ಪ್ರವಾಸದಲ್ಲಿ ತಪ್ಪಿಗೂ ಇದೇ ಗತಿ. ಇಪ್ಪತ್ತಾರು ಜನ ಅದನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಚೂರು. ಅಷ್ಟು ಚೂರಿಗೆ ಯಾರ ಎದೆಯೂ ಚುಚ್ಚುವುದಿಲ್ಲ. ಆದರೆ ಅಂಗಳದಲ್ಲಿ ಕುಳಿತ ಮುದುಕಿಗೆ ಅದನ್ನು ಹಂಚಿಕೊಳ್ಳಲು ಯಾರಿದ್ದರು? ಆಕೆಗೆ ಅದು ಇಡಿಯಾಗಿಯೇ ತಲುಪಿತು.

ಉರ್ದು ಶಾಲೆಯಲ್ಲಿ ನಮಗೆ ಮೆಹಮಾನ್ ಬೇರೆ, ಮುಸಾಫಿರ್ ಬೇರೆ, ಗಾಹಕ್ ಬೇರೆ ಎಂದು ಕಲಿಸಿದ್ದರು. ಕನ್ನಡದಲ್ಲೂ ಅತಿಥಿ, ದಾರಿಹೋಕ, ಗಿರಾಕಿ ಮೂರೂ ಬೇರೆ ಬೇರೆ. ಪ್ರವಾಸಿ ಇವರಲ್ಲಿ ಯಾರು? ಹಣ ಕೊಡುವಾಗ ಅವನು ಗಿರಾಕಿ. ದೂರು ಹೇಳುವಾಗಲೂ ಗಿರಾಕಿಯೇ. ಆದರೆ ಸತ್ಕಾರದ ವಿಷಯ ಬಂದಾಗ ಅತಿಥಿ. ಅತಿಥಿಯನ್ನು ದೇವರಂತೆ ಕಾಣಬೇಕು ಎಂಬ ಉಪನಿಷತ್ತಿನ ಬೋಧನೆಯನ್ನು ಕೇಂದ್ರ ಪ್ರವಾಸೋದ್ಯಮ ಇಲಾಖೆ ಈ ಶತಮಾನದ ಮೊದಲ ದಶಕದಲ್ಲಿ ಜಾಹೀರಾತು ಮಾಡಿ ಸಾರಿತು. ಆ ಜಾಹೀರಾತು ಬುದ್ಧಿ ಹೇಳಿದ್ದು ಆಟೋದವರಿಗೆ, ಗೈಡುಗಳಿಗೆ, ಅಂಗಡಿಯವರಿಗೆ. ದೇವರಾಗಿ ಬಂದವನು ಹೇಗಿರಬೇಕು ಎಂದು ಅದರಲ್ಲಿ ಏನೂ ಇರಲಿಲ್ಲ. ಪ್ರವಾದಿ(ಸ)ರ ಬೋಧನೆಯಲ್ಲಿ ಎರಡು ಕಡೆಯೂ ಇದೆ. ಅತಿಥಿಯನ್ನು ಗೌರವಿಸುವುದು ವಿಶ್ವಾಸದ ಭಾಗ ಎಂದ ಅವರೇ, ಅತಿಥಿ ಸತ್ಕಾರ ಮೂರು ದಿನ ಎಂದು ಗಡಿ ಹಾಕಿ, ಮನೆಯವನಿಗೆ ಕಷ್ಟವಾಗುವಷ್ಟು ದಿನ ಅವನಲ್ಲಿ ಉಳಿಯುವುದು ಅತಿಥಿಗೆ ಸಲ್ಲದು ಎಂದರು. ಅನುಮತಿ ಕೇಳದೆ, ಸಲಾಮ್ ಹೇಳದೆ ಪರರ ಮನೆಯೊಳಗೆ ಹೋಗಬೇಡಿ ಎನ್ನುವ ಕುರ್‌ಆನ್, ಊಟವಾದ ಮೇಲೆ ಹರಟುತ್ತ ಕೂರದೆ ಹೊರಡಿ ಎಂದೂ ಹೇಳುತ್ತದೆ. ಇಷ್ಟು ಸಣ್ಣ ವಿಷಯವೂ ದೇವಗ್ರಂಥದಲ್ಲಿ ಬಂದಿದೆಯೆಂದರೆ ಅದು ಸಣ್ಣ ವಿಷಯವಲ್ಲ.

ದುಡ್ಡು ಕೊಟ್ಟವನಿಗೆ ಇದೆಲ್ಲ ಅನ್ವಯಿಸುವುದಿಲ್ಲ ಎನ್ನುವವರಿದ್ದಾರೆ. ಹಡಗಿನ ಹಾಸಿಗೆಗೆ ಕೊಟ್ಟೆವು, ಅನ್ನಕ್ಕೆ ಕೊಟ್ಟೆವು, ದೋಣಿಗೆ ಕೊಟ್ಟೆವು. ಆ ಹಣ ನಾರು ಹೊಸೆಯುವ ಮುದುಕಿಗೆ ಹೋಗಲಿಲ್ಲ. ಹೋಗಿದ್ದರೂ ಆಕೆ ತನ್ನ ಅಂಗಳವನ್ನು ನಮಗೆ ಮಾರಿರಲಿಲ್ಲ.

ಹಡಗಿನಲ್ಲಿ ನಾವು ಕಸ್ರ್ ನಮಾಜ್ ಮಾಡಿದೆವು. ನಾಲ್ಕು ರಕಅತ್‌ಗಳ ಜಾಗದಲ್ಲಿ ಎರಡು. ಮುಸ್ಲಿಮೇತರ ಗೆಳೆಯರೊಬ್ಬರು ಅದನ್ನು ನೋಡಿ, ‘ಪ್ರಯಾಣಿಕರಿಗೆ ಡಿಸ್ಕೌಂಟಾ?’ ಎಂದು ನಕ್ಕರು. ನಾವೂ ನಕ್ಕೆವು. ಮಾತು ಸರಿಯಾಗಿಯೇ ಇತ್ತು. ಮುಸಾಫಿರನಿಗೆ ಶರೀಅತ್ ರಿಯಾಯಿತಿ ಕೊಟ್ಟಿದೆ. ನಮಾಜ್ ಅರ್ಧ, ರಮಝಾನಿನ ಉಪವಾಸವನ್ನು ಆಮೇಲೆ ಹಿಡಿಯಬಹುದು, ಜುಮಾ ಕಡ್ಡಾಯವಲ್ಲ. ಪ್ರಯಾಣ ಒಂದು ಕಷ್ಟ, ಆ ಕಷ್ಟದಲ್ಲಿರುವವನ ಮೇಲೆ ಅಲ್ಲಾಹ್ ಹೊರೆ ಹೇರುವುದಿಲ್ಲ. ಆದರೆ ಆ ರಿಯಾಯಿತಿಗಳ ಪಟ್ಟಿಯನ್ನು ಪೂರ್ತಿ ಓದಿ ನೋಡಿ. ಎಲ್ಲವೂ ಹಕೂಕುಲ್ಲಾಹ್, ಅಂದರೆ ಅಲ್ಲಾಹನಿಗೆ ಸಲ್ಲಬೇಕಾದದ್ದರಲ್ಲಿ. ಹಕೂಕುಲ್ ಇಬಾದ್, ಅಂದರೆ ಮನುಷ್ಯರಿಗೆ ಸಲ್ಲಬೇಕಾದದ್ದರಲ್ಲಿ ಒಂದು ಕಾಸಿನ ರಿಯಾಯಿತಿಯೂ ಇಲ್ಲ. ಮುಸಾಫಿರನಾದ್ದರಿಂದ ಸುಳ್ಳು ಹೇಳಬಹುದು, ಪರರ ಅಂಗಳದಲ್ಲಿ ಇಣುಕಬಹುದು, ಪರರ ಬಾವಿಯ ನೀರು ಚೆಲ್ಲಬಹುದು ಎಂದು ಯಾವ ಫಿಕ್‌ಹ್ ಗ್ರಂಥವೂ ಹೇಳಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಈ ವಿಷಯದಲ್ಲಿ ಮುಸಾಫಿರನ ಹೊರೆ ಊರಿನಲ್ಲಿರುವವನಿಗಿಂತ ಹೆಚ್ಚು. ತನಗೆ ಸಲ್ಲಬೇಕಾದದ್ದನ್ನು ಅಲ್ಲಾಹ್ ಕ್ಷಮಿಸಬಹುದು. ಮನುಷ್ಯನಿಗೆ ಸಲ್ಲಬೇಕಾದದ್ದನ್ನು ಆ ಮನುಷ್ಯನೇ ಕ್ಷಮಿಸಬೇಕು ಎನ್ನುತ್ತಾರೆ ಉಲಮಾಗಳು. ಊರಿನಲ್ಲಿ ನೆರೆಯವನ ಮನಸ್ಸು ನೋಯಿಸಿದರೆ ನಾಳೆ, ನಾಡಿದ್ದು, ಹೋಗಲಿ ಈದ್ ದಿನವಾದರೂ ಅಪ್ಪಿಕೊಂಡು ಕ್ಷಮೆ ಕೇಳಬಹುದು. ಪ್ರವಾಸಿಗೆ ನಾಳೆ ಎಂಬುದಿಲ್ಲ. ಸಂಜೆ ಐದಕ್ಕೆ ದೋಣಿ ಹೊರಡುತ್ತದೆ. ಹೆಸರು ಗೊತ್ತಿಲ್ಲ, ಭಾಷೆ ಬಾರದು, ಮತ್ತೆ ಆ ದಾರಿಗೆ ಬರುವುದೂ ಇಲ್ಲ. ರಜೆಯಲ್ಲಿ ಎಲ್ಲ ಕಟ್ಟುಪಾಡುಗಳೂ ಸಡಿಲ ಎನ್ನುವ ಈಗಿನ ತಿಳಿವಳಿಕೆ ಇದನ್ನು ತಲೆಕೆಳಗು ಮಾಡಿಬಿಟ್ಟಿದೆ. ನಮಾಜನ್ನು ಶ್ರದ್ಧೆಯಿಂದ ಪೂರ್ತಿ ಮಾಡುವವರು, ವ್ರತವನ್ನು ಬಿಡದವರು ಕೂಡ ಕಂಡವರ ಅಂಗಳದಲ್ಲಿ ರಿಯಾಯಿತಿ ತೆಗೆದುಕೊಳ್ಳುತ್ತಾರೆ.

ದುಡ್ಡು ಕೊಟ್ಟ ಗಿರಾಕಿಯ ಮಾತಾಯಿತು. ಇನ್ನು ನಮ್ಮವರ ಮಾತು. ಲಕ್ಷದ್ವೀಪದಲ್ಲಿ ನೂರಕ್ಕೆ ತೊಂಬತ್ತಾರು ಮಂದಿ ಮುಸ್ಲಿಮರು. ನಮ್ಮ ಗುಂಪಿನ ಮುಸ್ಲಿಮರಿಗೆ ಅದು ಬಲು ಹಿಗ್ಗಿನ ಸಂಗತಿ. ದೋಣಿ ಇಳಿಯುತ್ತಲೇ ಎಲ್ಲರಿಗೂ ಸಲಾಮ್, ಎಲ್ಲರೂ ಭಾಯಿಗಳು. ಅದು ಒಳ್ಳೆಯದೇ. ಆದರೆ ಭಾಯಿ ಎನ್ನುವ ಸಲಿಗೆ ಬೇಗನೆ ಅಣ್ಣನ ಅಧಿಕಾರವಾಗುತ್ತದೆ. ಕಲ್ಪೇನಿಯಲ್ಲೇ ಒಬ್ಬ ಶಾಲಾ ಮೇಷ್ಟ್ರು ನಮಗೆ ಪರಿಚಯವಾದರು, ಮನೆಗೆ ಕರೆದು ಚಹಾ ಕೊಟ್ಟರು. ಮಾತಿನಲ್ಲಿ ಅಲ್ಲಿಯ ತರವಾಡಿನ ವಿಷಯ ಬಂತು. ಆ ದ್ವೀಪಗಳಲ್ಲಿ ಕುಟುಂಬ ತಾಯಿಯ ಕಡೆಯಿಂದ ನಡೆಯುತ್ತದೆ. ಹಿಂದಿನ ಪದ್ಧತಿಯಲ್ಲಿ ಗಂಡ ತನ್ನ ತಾಯಿಮನೆಯಲ್ಲೇ ಇದ್ದು ರಾತ್ರಿ ಹೆಂಡತಿಯ ಮನೆಗೆ ಬಂದುಹೋಗುವವನು. ನಮ್ಮ ಹಿರಿಯರೊಬ್ಬರಿಗೆ ಇದು ಸಹಿಸಲಾಗಲಿಲ್ಲ. ‘ಇದು ದೀನ್‌ನಲ್ಲಿ ಎಲ್ಲಿದೆ? ನಿಮಗೆ ಯಾರೂ ಹೇಳಿಕೊಟ್ಟಿಲ್ಲವೇ?’ ಎಂದು ಅರ್ಧಂಬರ್ಧ ಮಲಯಾಳದಲ್ಲಿ ಶುರುಮಾಡಿದರು. ಅವರ ಕೈಯಲ್ಲಿ ಆ ಮನೆಯದೇ ಚಹಾದ ಲೋಟವಿತ್ತು.

ಮೇಷ್ಟ್ರು ಸಿಟ್ಟಾಗಲಿಲ್ಲ. ಅವರು ವಿವರಿಸಿದ್ದು ನನಗೆ ಬಹಳ ಹಿಡಿಸಿತು. ಅವರಲ್ಲಿ ಆಸ್ತಿಗೆ ಎರಡು ಹೆಸರು: ಶುಕ್ರವಾರದ ಆಸ್ತಿ, ಸೋಮವಾರದ ಆಸ್ತಿ. ಶುಕ್ರವಾರದ್ದು ತರವಾಡಿನದು, ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಯಾರೂ ಪಾಲು ಮಾಡುವಂತಿಲ್ಲ. ಸೋಮವಾರದ್ದು ಒಬ್ಬೊಬ್ಬರ ಸ್ವಂತದ್ದು, ಅದನ್ನು ಶರೀಅತ್ ಪ್ರಕಾರ ಹಂಚಬಹುದು. ನಮ್ಮ ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಇದು ತೀರ ಹೊಸದಲ್ಲ. ಸಮಾಜಶಾಸ್ತ್ರಜ್ಞೆ ಲೀಲಾ ದುಬೆ ಇದೇ ಕಲ್ಪೇನಿಯ ಮೇಲೆ 1969ರಲ್ಲಿ ಒಂದು ಪುಸ್ತಕವನ್ನೇ ತಂದರು. ಮಾತೃವಂಶ ಮತ್ತು ಇಸ್ಲಾಮ್ ಒಂದೇ ಮನೆಯಲ್ಲಿ ಹೇಗೆ ಬಾಳಿದವು ಎಂಬುದೇ ಅದರ ವಿಷಯ. ಶತಮಾನಗಳಿಂದ ಆ ಜನ ಕೂತು ಯೋಚಿಸಿ ಕಂಡುಕೊಂಡ ಒಂದು ದಾರಿಯನ್ನು, ಬೆಳಿಗ್ಗೆ ಬಂದು ಸಂಜೆ ಹೋಗುವ ನಾವು ಚಹಾ ಆರುವುದರೊಳಗೆ ತಿದ್ದಲು ಹೊರಟಿದ್ದೆವು.

ಇದಕ್ಕೆ ನಮ್ಮಲ್ಲಿ ದೊಡ್ಡ ಪೂರ್ವಿಕನೊಬ್ಬನಿದ್ದಾನೆ. ಹದಿನಾಲ್ಕನೆಯ ಶತಮಾನದಲ್ಲಿ ಮಾಲ್ದೀವ್ಸ್‌ಗೆ ಬಂದಿಳಿದ ಇಬ್ನ್ ಬತೂತಾನನ್ನು ಅಲ್ಲಿಯವರು ಆದರಿಸಿ ಖಾಝಿಯನ್ನಾಗಿ ಮಾಡಿಕೊಂಡರು. ಆಗ ಅಲ್ಲಿ ಆಳುತ್ತಿದ್ದವಳು ಖದೀಜಾ ಎಂಬ ರಾಣಿ. ಅತಿಥಿಯಾಗಿ ಬಂದ ಈತ ಅಲ್ಲಿ ಮದುವೆಗಳನ್ನೂ ಮಾಡಿಕೊಂಡ, ಜುಮಾ ತಪ್ಪಿಸಿದವರಿಗೆ ಹೊಡೆಸಿದ, ಹೆಂಗಸರ ಉಡುಗೆಯನ್ನು ತಿದ್ದಲು ನೋಡಿದ. ಉಡುಗೆಯ ವಿಷಯದಲ್ಲಿ ಮಾತ್ರ ಸೋತ. ತನ್ನ ನ್ಯಾಯಾಲಯದೊಳಕ್ಕೆ ಬರುವವರನ್ನು ಬಿಟ್ಟರೆ ಬೇರೆ ಯಾರೂ ಕೇಳಲಿಲ್ಲ ಎಂದು ಅವನೇ ಬರೆಸಿದ್ದಾನೆ. ಕೊನೆಗೆ ವಝೀರನೊಂದಿಗೆ ವಿರಸವಾಗಿ ಹೊರಟುಹೋದ. ಅವನ ಪ್ರವಾಸ ಕಥನವನ್ನು ನಾನು ಇಷ್ಟಪಟ್ಟು ಓದುತ್ತೇನೆ. ಆದರೆ ಮಾಲ್ದೀವ್ಸ್‌ನ ಆ ಪುಟಗಳನ್ನು ಓದುವಾಗಲೆಲ್ಲ, ಅಲ್ಲಿಯ ಒಬ್ಬ ಹೆಣ್ಣುಮಗಳು ಈ ಮೆಹಮಾನನ ಬಗ್ಗೆ ಬರೆದಿದ್ದರೆ ಹೇಗಿರುತ್ತಿತ್ತು ಎನ್ನಿಸುತ್ತದೆ. ಮಾಲ್ದೀವ್ಸ್‌ನ ನುಡಿಯನ್ನೇ ಹೋಲುವ ಮಹ್ಲ್ ಮಾತಾಡುವ ಮಿನಿಕಾಯ್‌ನಲ್ಲಿ ಇಂದಿಗೂ ಪ್ರತಿ ಹಳ್ಳಿಗೆ ಗಂಡಸರಿಗೊಬ್ಬ ಮುಖ್ಯಸ್ಥ, ಹೆಂಗಸರಿಗೊಬ್ಬಳು ಮುಖ್ಯಸ್ಥೆ. ನಮ್ಮ ಹಿರಿಯರು ಅಲ್ಲಿ ಏನೂ ಹೇಳಲಿಲ್ಲ. ದೀಪಸ್ತಂಭದ ಮೆಟ್ಟಿಲು ಹತ್ತಿ ದಣಿದಿದ್ದರು.

ಹಾಗಾದರೆ ಹೋಗಲೇಬಾರದೆ? ಈ ಪ್ರಶ್ನೆ ಸುಲಭದ್ದಲ್ಲ. ತೆಂಗು, ಮೀನು, ಸರ್ಕಾರಿ ನೌಕರಿ ಇವಿಷ್ಟನ್ನು ಬಿಟ್ಟರೆ ಅಲ್ಲಿ ದುಡಿಮೆಯ ದಾರಿ ಕಡಿಮೆ. ನಮ್ಮ ದೋಣಿ ನಡೆಸುತ್ತಿದ್ದ ಹುಡುಗ, ಪ್ರವಾಸಿಗರು ಇನ್ನೂ ಹೆಚ್ಚು ಬರಬೇಕು ಎಂದೇ ಹೇಳಿದ. ಓದಿದ ಅವನಿಗೆ ತನ್ನ ದ್ವೀಪದಲ್ಲೇ ಉಳಿಯಲು ಸಿಕ್ಕ ಕೆಲಸ ಅದು. ಪ್ರವಾಸಿಗರು ಬರಬಾರದು ಎಂದು ದೂರದಲ್ಲಿ ಕುಳಿತು ಬರೆಯುವುದೂ ಒಂದು ಬಗೆಯ ಅಣ್ಣನ ಅಧಿಕಾರವೇ. ಕರಿಘಟ್ಟದ ಕೆಳಗೆ ಎಳನೀರು ಮಾರುವವನೂ ಇದನ್ನು ಒಪ್ಪುವುದಿಲ್ಲ. ಆದರೆ ಲೆಕ್ಕವೊಂದಿದೆ. ಎಲ್ಲ ದ್ವೀಪಗಳ ನೆಲ ಸೇರಿದರೂ ಸುಮಾರು 32 ಚದರ ಕಿಲೋಮೀಟರು. ಜನ ವಾಸವಿರುವುದು ಹತ್ತರಲ್ಲಿ. 2011ರ ಜನಗಣತಿಯಂತೆ ಸುಮಾರು 64 ಸಾವಿರ ಮಂದಿ. ನದಿಯಿಲ್ಲ. ಮಳೆಯ ನೀರು ಹವಳದ ಮರಳಿನಲ್ಲಿ ಇಂಗಿ, ಅಡಿಯ ಉಪ್ಪುನೀರಿನ ಮೇಲೆ ಒಂದು ತೆಳು ಪದರವಾಗಿ ತೇಲುತ್ತ ನಿಂತಿರುತ್ತದೆ. ಹೆಚ್ಚು ಎತ್ತಿದರೆ ಉಪ್ಪು ಮೇಲೆ ಬರುತ್ತದೆ. 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂದದ್ದು ಈ ಕಾರಣಕ್ಕೆ. ಕಾವೇರಿಯ ದಂಡೆಯಿಂದ ಹೋದ ನಾವು ಸ್ನಾನ ಮಾಡುವ ಬಗೆ ಅಲ್ಲಿಗೆ ಹೊಂದುವುದಿಲ್ಲ. ಹರಿಯುವ ಹೊಳೆಯ ದಡದಲ್ಲಿದ್ದರೂ ವುಝೂವಿನ ನೀರು ಪೋಲು ಮಾಡಬಾರದು ಎಂದು ಮದ್ರಸದ ಮಕ್ಕಳಿಗೂ ಕಲಿಸುತ್ತೇವೆ. ಹೊಳೆಯಿಲ್ಲದ ದಡದಲ್ಲಿ ಅದು ನೆನಪಾಗುವುದಿಲ್ಲ. ಹವಳದ ಮಾತಂತೂ ಹೇಳುವಂತೆಯೇ ಇಲ್ಲ. 1998, 2010, 2016, ಮತ್ತೆ 2024ರಲ್ಲಿ ಕಡಲು ಕಾದು ಅಲ್ಲಿಯ ಹವಳ ಬೆಳ್ಳಗೆ ಬಿಳುಚಿಕೊಂಡಿತು. ಹಾಗೆ ಬಳಲಿದ ಜೀವದ ಮೇಲೆ ಫೋಟೊಗಾಗಿ ನಿಲ್ಲುವವರಿದ್ದಾರೆ, ಮುರಿದು ಜೇಬಿಗಿಳಿಸುವವರಿದ್ದಾರೆ.

ಅಲ್ಲಿಗೆ ಹೋಗಲು ಪರವಾನಗಿ ಬೇಕು. 1967ರಲ್ಲಿ ಆದ ನಿಯಮ. ಸಾಮಾನ್ಯ ಪ್ರಯಾಣಿಕ ದ್ವೀಪದವರೊಬ್ಬರ ಹೆಸರು ಕೊಟ್ಟು, ಅವರ ಹೊಣೆಯ ಮೇಲೆ ಪರವಾನಗಿ ಪಡೆಯುವುದು ಬಹುಕಾಲ ನಡೆದುಬಂದ ಪದ್ಧತಿ. ನಮ್ಮ ಗುಂಪಿನವರಿಗೆ ಇದು ಕಿರಿಕಿರಿಯಾಗಿತ್ತು: ‘ನಮ್ಮ ದೇಶದಲ್ಲಿ ನಮಗೇ ಪರ್ಮಿಟ್ಟಾ?’ ನನಗೆ ಅದು ಬಾಗಿಲು ತಟ್ಟಿ ಸಲಾಮ್ ಹೇಳುವ ಕ್ರಮದಂತೆ ಕಂಡಿತು. ಒಬ್ಬ ಮನೆಯವನ ಹೆಸರು ಹೇಳಿ ಒಳಗೆ ಬಂದವನು ಆ ಹೆಸರಿಗೆ ಕೆಟ್ಟದ್ದು ತರಲು ಹಿಂಜರಿಯುತ್ತಾನೆ. ಪ್ಯಾಕೇಜಿನಲ್ಲಿ ಆ ಹೆಸರು ಇಲ್ಲವಾಗುತ್ತದೆ. ಆ ಜಾಗದಲ್ಲಿ ಒಂದು ಇಲಾಖೆಯ ಮೊಹರು ಬರುತ್ತದೆ. ಮೊಹರಿಗೆ ಯಾರೂ ನಾಚಿಕೊಳ್ಳುವುದಿಲ್ಲ.

ಪ್ರವಾಸಿಗರ ಗುಂಪನ್ನೇ ದೂರುವುದೂ ಪೂರ್ತಿ ನ್ಯಾಯವಲ್ಲ. 2021ರಲ್ಲಿ ದ್ವೀಪಗಳ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಗಳು ಹೊರಬಂದವು. ಜನರ ಭೂಮಿಯನ್ನು ಯೋಜನೆಗಳಿಗೆ ತೆಗೆದುಕೊಳ್ಳುವ ಅಧಿಕಾರ ಅದರಲ್ಲಿತ್ತು. ದ್ವೀಪದ ಜನ ಮನೆ ಮನೆಗಳಲ್ಲಿ ಉಪವಾಸ ಕುಳಿತರು. ಕೇರಳ ವಿಧಾನಸಭೆ ಮೇ 31ರಂದು ಅವರ ಪರವಾಗಿ ನಿರ್ಣಯ ಮಾಡಿತು. 2024ರ ಜನವರಿಯಲ್ಲಿ ಪ್ರಧಾನಿಯ ಭೇಟಿಯ ಚಿತ್ರಗಳು ಬಂದ ಬೆನ್ನಿಗೆ ಮಾಲ್ದೀವ್ಸ್‌ನ ಜೊತೆ ಜಗಳವಾಗಿ, ಲಕ್ಷದ್ವೀಪಕ್ಕೆ ರಜೆ ಹೋಗುವುದೇ ದೇಶಭಕ್ತಿ ಎಂಬಂತಾಯಿತು. ಆ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನವೂ ಹೊರಟಿತು. ಯಾರನ್ನೋ ಶಿಕ್ಷಿಸಲು ಇನ್ಯಾರದೋ ಮನೆಗೆ ನೆಂಟರಾಗಿ ಹೋಗುವುದು ನಾನು ಕೇಳಿದ ಯಾವ ಅದಬ್‌ನಲ್ಲೂ ಇಲ್ಲ. ಎಷ್ಟು ಜನ ಬಂದರೆ ತಡೆದುಕೊಳ್ಳಬಲ್ಲಿರಿ ಎಂದು ಆ 64 ಸಾವಿರ ಮಂದಿಯನ್ನು ಕೇಳುವ ಕೆಲಸ ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ನಮ್ಮ ಪ್ರವಾಸದ ವ್ಯವಸ್ಥೆ ಮಾಡಿದ್ದವರಿಗೂ ಆಗ ಹುರುಪು ಬಂತು. ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಈ ಸಲ ಐವತ್ತು ಜನರನ್ನು ಸೇರಿಸುತ್ತಿದ್ದಾರಂತೆ. ಐವತ್ತು ಬೇಡ, ಹತ್ತು ಮಂದಿ ಹೋಗೋಣ, ಆ ಕಲ್ಪೇನಿಯ ಮೇಷ್ಟ್ರು ವಿಳಾಸ ಬರೆದುಕೊಟ್ಟಿದ್ದಾರೆ, ಯಾವಾಗ ಬಂದರೆ ಅವರಿಗೆ ಅನುಕೂಲ ಎಂದು ಮೊದಲು ಕೇಳೋಣ ಎಂದೆ. ಹತ್ತು ಜನಕ್ಕೆ ರಿಯಾಯಿತಿ ಸಿಗುವುದಿಲ್ಲ ಎಂದರು. ಮೇಷ್ಟ್ರಿಗೆ ಕಾಗದವನ್ನಂತೂ ಹಾಕಿದ್ದೇನೆ. ಉತ್ತರ ಬಂದ ಮೇಲೆ ನೋಡಬೇಕು.